ಸೆರಗಿನ ಗಂಟಿನ ಧರ್ಮ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕನ್ನಡನಾಡಿನ ಮನೆಮನೆಯಲ್ಲಿಯೂ ಹಿರಿಯರು ಕಿರಿಯರಿಗೆ ಹೇಳಿಕೊಡುವುದುಂಟು. ಮಿತವ್ಯಯವೆಂಬ ಗುಣವನ್ನು ಇದಕ್ಕಿಂತ ಸುಲಭವಾದ ಮಾತಿನಲ್ಲಿ ಬೋಧಿಸುವುದು ಸಾಧ್ಯವಿಲ್ಲ. ಆದರೆ ಈ ಗಾದೆಯು ಫಲಿಸಬೇಕಾದರೆ ಹಾಸಿಗೆಯ ಉದ್ದವು ಮೊದಲೇ ಗೊತ್ತಿರಬೇಕು. ತಿಂಗಳ ಮೊದಲಲ್ಲಿ ಸಂಬಳವನ್ನು ಎಣಿಸಿಕೊಳ್ಳುವ ಗುಮಾಸ್ತನಿಗೆ ಅದು ಗೊತ್ತು. ಸುಗ್ಗಿ ಮುಗಿದ ಮೇಲೆ ಕಣಜವನ್ನು ಅಳೆದು ನೋಡುವ ರೈತನಿಗೂ ಒಂದು ಮಟ್ಟಿಗೆ ಗೊತ್ತು. ನಸುಕಿನಲ್ಲಿ ದೋಣಿಯನ್ನು ನೀರಿಗೆ ನೂಕಿ, ಹೊತ್ತೇರಿದ ಮೇಲೆ ದಡ ಸೇರುವ ಮೀನುಗಾರನಿಗೆ ಮಾತ್ರ ಹಾಸಿಗೆಯ ಅಳತೆ ದಿನಕ್ಕೊಂದು ಬಗೆ. ಒಂದು ದಿನ ಕಾಲು ಚಾಚಿಯೂ ಮಿಗುವಷ್ಟು. ಮರುದಿನ ಮುದುಡಿಕೊಂಡರೂ ಸಾಲದಷ್ಟು.

ಈ ಭೇದವನ್ನು ಎಣಿಸದೆ, ಕಡಲ ಮಕ್ಕಳ ಕೈಯಲ್ಲಿ ಕಾಸು ನಿಲ್ಲದೆಂದೂ, ಇಂದು ದೊರೆತುದನ್ನು ಇಂದೇ ಉಂಡು ನಾಳೆಯನ್ನು ಮರೆಯುವುದೇ ಅವರ ಸ್ವಭಾವವೆಂದೂ ಆಡಿಕೊಳ್ಳುವವರು ಹಿಂದೆ ಇದ್ದರು, ಇಂದೂ ಇದ್ದಾರೆ. ಹೀಗೆ ಆಡುವವರು ಆ ಮನೆಗಳ ಜಗಲಿಯನ್ನು ಮಾತ್ರ ಕಂಡವರು, ಒಳಮನೆಯನ್ನು ಕಂಡವರಲ್ಲ. ಒಳಗೆ ಅಕ್ಕಿಯ ಡಬ್ಬಿಯ ತಳದಲ್ಲಿ, ಮಡಿಸಿಟ್ಟ ಹಳೆಯ ಸೀರೆಯ ಪದರದಲ್ಲಿ, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ತುದಿಯಲ್ಲಿ ಒಂದು ಸಣ್ಣ ಗಂಟು ಇರುವುದುಂಟು. ಮನೆಯ ಹೆಂಗಸು ಅದನ್ನು ದಿನಕ್ಕಿಷ್ಟರಂತೆ ಕೂಡಿಸಿದವಳು; ಗಂಡನಿಗೆ ಅದರ ಸುಳಿವಿಲ್ಲ. ಆ ಗಂಟಿನಿಂದಲೇ ಎಷ್ಟೋ ಮಳೆಗಾಲಗಳು ಕಳೆದಿವೆ, ಎಷ್ಟೋ ಮಕ್ಕಳ ಶಾಲೆಯ ಶುಲ್ಕ ಸಂದಿದೆ. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುವುದು. ಒಂದೇ ಒಲೆಯ ಅನ್ನವನ್ನು ಉಣ್ಣುವ ಗಂಡನಿಂದ ಹಣವನ್ನು ಮರೆಮಾಡುವುದು ಧರ್ಮವೋ, ಅಧರ್ಮವೋ? ಅದು ವಿವೇಕವೆನಿಸುವುದೋ, ವಂಚನೆಯೆನಿಸುವುದೋ? ಇದು ಅಡಿಗೆಮನೆಯ ಸಣ್ಣ ಸಂಗತಿಯಂತೆ ತೋರಿದರೂ, ವಿಚಾರಿಸಿದಷ್ಟೂ ಆಳವಾಗುವ ಪ್ರಶ್ನೆಯಾಗಿದೆ.

ಮೊದಲು ಆ ಮನೆಗಳಿಗೆ ಹಣವು ಬರುವ ದಾರಿಯನ್ನು ತಿಳಿಯಬೇಕು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕಡಲತಡಿಯಲ್ಲಿ ನಾಡದೋಣಿಯನ್ನೂ ಕಂತಬಲೆಯನ್ನೂ ನಂಬಿ ಬಾಳುವವರಿಗೆ ಕೂಲಿಯೆಂಬುದಿಲ್ಲ, ಅವರಿಗಿರುವುದು ಪಾಲು. ಮೀನು ಮಾರಿ ಬಂದ ಹಣದಿಂದ ಎಣ್ಣೆಯ ಖರ್ಚನ್ನೂ ಮಂಜುಗಡ್ಡೆಯ ಖರ್ಚನ್ನೂ ಮೊದಲು ಕಳೆಯುವರು. ಉಳಿದುದರಲ್ಲಿ ದೋಣಿಗೆ ಇಷ್ಟು, ಬಲೆಗೆ ಇಷ್ಟು, ದುಡಿದ ಆಳುಗಳಿಗೆ ಇಷ್ಟು ಎಂದು ಹಂಚುವರು. ಹಂಚಿಕೆಯ ಕ್ರಮ ಊರೂರಿಗೆ ಬೇರೆಯಾದರೂ ತತ್ತ್ವ ಒಂದೇ: ಬಲೆ ತುಂಬಿದ ದಿನ ಎಲ್ಲರ ಕೈಯೂ ತುಂಬುವುದು, ಬಲೆ ಬರಿದಾದ ದಿನ ಪಾಲೂ ಬರಿದು, ಎಣ್ಣೆಯ ಸಾಲ ಮಾತ್ರ ಉಳಿಯುವುದು.

ದಿನದ ಏರಿಳಿತದ ಮೇಲೆ ಋತುವಿನ ಏರಿಳಿತವುಂಟು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೊಡ್ಡ ದೋಣಿಗಳು ಕಡಲಿಗೆ ಇಳಿಯಕೂಡದೆಂಬ ನಿಷೇಧವಿದೆ. ಸಣ್ಣ ನಾಡದೋಣಿಗಳಿಗೆ ಸರಕಾರವು ವಿನಾಯಿತಿ ಕೊಟ್ಟಿದ್ದರೂ ಮುಂಗಾರಿನ ಕಡಲು ಕೊಡಬೇಕಲ್ಲ! ಅಲೆಯು ಅಬ್ಬರಿಸುವ ದಿನಗಳಲ್ಲಿ ದೋಣಿಯು ಮರಳಮೇಲೆಯೇ ಉಳಿಯುವುದು. ಋತುವಿನ ಮೇಲೆ ಮತ್ತೆ ವರ್ಷಗಳ ಏರಿಳಿತ. ಬಡವರ ಮೀನೆಂದು ಹೆಸರಾದ ಬೂತಾಯಿಯ ಕಥೆಯೇ ಇದಕ್ಕೆ ಸಾಕ್ಷಿ. ಇದೇ ಕಡಲಿನ ತೆಂಕಣ ಭಾಗವಾದ ಕೇರಳದ ತೀರದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ನು ಬೂತಾಯಿ ದೊರೆತಿತ್ತು. 2021ರಲ್ಲಿ ಅದು ಸುಮಾರು 3,300 ಟನ್ನಿಗೆ ಇಳಿಯಿತು. ನೂರು ಪಾಲಿನಲ್ಲಿ ಒಂದು ಪಾಲೂ ಉಳಿಯಲಿಲ್ಲ. ಯಾವ ಗುಮಾಸ್ತನ ಸಂಬಳವು, ಯಾವ ತೋಟದ ಫಸಲು ಹತ್ತು ವರ್ಷಗಳಲ್ಲಿ ಹೀಗೆ ಕುಸಿದು, ಆ ಮನೆಯು ಮಿತವ್ಯಯದ ಬಲವೊಂದರಿಂದಲೇ ನಿಂತೀತು?

ಈ ಅನಿಶ್ಚಿತವಾದ ಹಣವು ಮನೆಯೊಳಕ್ಕೆ ಎರಡು ಕೈಗಳಿಂದ ಬರುವುದು. ಗಂಡಸಿನ ಕೈಗೆ ಅದು ಪಾಲಾಗಿ, ಒಮ್ಮೆಗೇ ರಾಶಿಯಾಗಿ, ಇಲ್ಲವೆ ಏನೂ ಇಲ್ಲದೆ ಬರುವುದು. ಹೆಂಗಸಿನ ಕೈಗೆ ಚಿಲ್ಲರೆಯಾಗಿ ಬರುವುದು. ದಡದಲ್ಲಿ ಹರಾಜಿನ ಕೂಗಿಗೆ ನಿಂತು ಬಂಗುಡೆಯನ್ನೋ ಬೂತಾಯಿಯನ್ನೋ ಕೊಂಡು, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಸಂತೆಯಲ್ಲಿ ಕುಳಿತೋ ಕೇರಿಕೇರಿ ತಿರುಗಿಯೋ ಅವಳು ಮಾರುವಳು. ಮಾರದೆ ಉಳಿದುದನ್ನು ಉಪ್ಪು ಹಾಕಿ ಒಣಗಿಸುವಳು. ಆದುದರಿಂದ ಕಡಲಿನ ಲೆಕ್ಕ ಗಂಡಸಿನದು, ಒಲೆಯ ಲೆಕ್ಕ ಹೆಂಗಸಿನದು ಎಂಬ ವಿಭಾಗವು ತಾನಾಗಿಯೇ ಏರ್ಪಟ್ಟಿದೆ. ಅಕ್ಕಿ, ಎಣ್ಣೆ, ಔಷಧ, ಶಾಲೆಯ ಪುಸ್ತಕ, ನೆಂಟರ ಮನೆಯ ಮದುವೆಯ ಉಡುಗೊರೆ, ಇವೆಲ್ಲವೂ ಬುಟ್ಟಿಯಿಂದ ಹುಟ್ಟಬೇಕು. ಇಂಜಿನು, ಬಲೆ, ಹಗ್ಗ, ದೋಣಿಯ ದುರಸ್ತಿ, ಇವು ಪಾಲಿನಿಂದ ಹುಟ್ಟಬೇಕು.

ಇವರಿಗೆ ಉಳಿತಾಯವೆಂಬುದೇ ತಿಳಿಯದೆನ್ನುವುದು ಇದರಿಂದಲೇ ತಪ್ಪೆಂದು ತೋರುವುದು. ಗಂಡಸು ಮಿಕ್ಕ ಹಣವನ್ನು ಹೊಸ ಬಲೆಗೆ ಹಾಕುವನು. ಅದೇ ಅವನ ಉಳಿತಾಯ. ಹೆಂಗಸು ಮಿಕ್ಕ ಹಣವನ್ನು ಚಿನ್ನದ ಬಳೆಗೆ ಹಾಕುವಳು. ಅದೇ ಅವಳ ಉಳಿತಾಯ. ಬಳೆಯನ್ನು ಶೃಂಗಾರವೆಂದು ನಗುವವರು, ಆಷಾಢದ ಮಳೆಯಲ್ಲಿ ಅದು ಒತ್ತೆಗೆ ಹೋಗಿ ಅಕ್ಕಿಯಾಗುವುದನ್ನೂ, ಮೀನಿನ ಕಾಲ ಬಂದೊಡನೆ ಬಿಡುಗಡೆಯಾಗಿ ಮತ್ತೆ ಕೈಯೇರುವುದನ್ನೂ ನೋಡಿದವರಲ್ಲ. ಒಣಮೀನಿನ ಕಟ್ಟು ಉಳಿತಾಯವೇ. ಚೀಟಿಯ ಕಂತು ಉಳಿತಾಯವೇ. ಬಲೆ ತುಂಬಿದ ದಿನ ನೆರೆಮನೆಗೆ ಕಳುಹಿಸಿದ ಒಂದು ಹಿಡಿ ಮೀನೂ ಉಳಿತಾಯವೇ, ಏಕೆಂದರೆ ತನ್ನ ಬಲೆ ಬರಿದಾದ ದಿನ ಅದು ನೆರೆಮನೆಯಿಂದ ಹಿಂದಿರುಗುವುದು. ಎರಡು ಬಗೆಯ ಉಳಿತಾಯಕ್ಕೂ ಒಂದು ದೊಡ್ಡ ಭೇದವುಂಟು. ಗಂಡಸಿನ ಉಳಿತಾಯವು ಮರಳಿ ಕಡಲಿಗೇ ಇಳಿಯುವುದು; ಒಂದು ಬಿರುಗಾಳಿಗೆ ಬಲೆಯೆಲ್ಲ ಹರಿದುಹೋದೀತು. ಹೆಂಗಸಿನ ಉಳಿತಾಯವು ನೆಲದ ಮೇಲೆ ಉಳಿಯುವುದು. ಮನೆಗೆ ಇವೆರಡೂ ಬೇಕು.

ಹಿಂದೆ ಈ ತೀರದಲ್ಲಿ ಇನ್ನೂ ಒಂದು ಬಗೆಯ ರಕ್ಷಣೆಯಿತ್ತು. ದಡದಿಂದ ಎಳೆಯುವ ರಂಪಣಿ ಬಲೆಯು ಒಬ್ಬಿಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ಹಲವು ಮನೆಗಳವರು ತಮ್ಮ ತಮ್ಮ ಬಲೆಯ ತುಂಡುಗಳನ್ನು ತಂದು ಜೋಡಿಸಿ ಒಂದು ಮಹಾಬಲೆಯನ್ನು ಮಾಡುತ್ತಿದ್ದರು, ಹತ್ತಾರು ಮಂದಿ ಕೂಡಿ ಎಳೆಯುತ್ತಿದ್ದರು, ದೊರೆತುದನ್ನು ಪಾಲುಮಾಡಿಕೊಳ್ಳುತ್ತಿದ್ದರು. ಲಾಭವು ದೊಡ್ಡದಾಗಿರದಿದ್ದರೂ ನಷ್ಟವು ಹಂಚಿಹೋಗುತ್ತಿತ್ತು. 1970ರ ದಶಕದ ನಡುವಿನಿಂದ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಕರ್ನಾಟಕದ ಕಡಲಿಗೆ ಹೆಚ್ಚಾಗಿ ಇಳಿದು, ಬಂಗುಡೆ ಬೂತಾಯಿಗಳ ಹಿಂಡನ್ನು ದಡ ಸೇರುವ ಮೊದಲೇ ಹಿಡಿಯತೊಡಗಿದ ಮೇಲೆ ರಂಪಣಿಯ ಕಾಲವು ಕೆಲವೇ ವರ್ಷಗಳಲ್ಲಿ ಮುಗಿಯಿತು. ಊರಿನ ಸಮೂಹವೇ ಒಂದು ಗಂಟಾಗಿದ್ದ ಕಾಲ ಹೋಗಿ, ಪ್ರತಿಯೊಂದು ಮನೆಯೂ ತನ್ನ ಗಂಟನ್ನು ತಾನೇ ಕಟ್ಟಿಕೊಳ್ಳಬೇಕಾಯಿತು. ಸೆರಗಿನ ಗಂಟಿಗೆ ಇಂದಿರುವಷ್ಟು ಭಾರವು ಬಂದುದಕ್ಕೆ ಇದೂ ಒಂದು ಕಾರಣ.

ಇನ್ನು ಪ್ರಶ್ನೆಗೆ ಬರಬಹುದು. ಸುಲಭವಾದ ಉದಾಹರಣೆಯಿಂದ ಧರ್ಮವು ತಿಳಿಯದು, ಕಠಿಣವಾದುದನ್ನೇ ಎತ್ತಿಕೊಳ್ಳಬೇಕು. ಗಂಡನು ಕುಡುಕನೂ ದುಂದುಗಾರನೂ ಆಗಿದ್ದರೆ ಹಣವನ್ನು ಬಚ್ಚಿಟ್ಟ ಹೆಂಗಸನ್ನು ಯಾರೂ ತೆಗಳಲಾರರು. ಆದುದರಿಂದ ಗಂಡನು ಸಾಧುವೂ ದುಡಿಮೆಗಾರನೂ ಆಗಿರುವ ಒಂದು ಮನೆಯನ್ನು ಊಹಿಸಿಕೊಳ್ಳುವುದು ಲೇಸು. ಆಗಸ್ಟಿನಲ್ಲಿ ಮೀನಿನ ಕಾಲವು ತೆರೆದಂದಿನಿಂದ ಹೆಂಡತಿಯು ದಿನಕ್ಕೆ 50 ರೂಪಾಯಿಯಂತೆ ಎತ್ತಿಡುತ್ತ ಬಂದಿದ್ದಾಳೆ. ನೂರು ದಿನಕ್ಕೆ 5,000 ರೂಪಾಯಿ ಕೂಡಿದೆ. ಗಂಡನಿಗೆ ಅದು ತಿಳಿಯದು. ಅಷ್ಟರಲ್ಲಿ ಒಂದು ರಾತ್ರಿ ಬಲೆಯು ಕಲ್ಲಿಗೆ ಸಿಕ್ಕಿ ಹರಿಯಿತು. ಬೇರೆ ದಾರಿ ಕಾಣದೆ ಅವನು ಮೀನಿನ ವ್ಯಾಪಾರಿಯಿಂದ 5,000 ರೂಪಾಯಿ ಮುಂಗಡ ತಂದನು. ಅಂಥ ಮುಂಗಡಕ್ಕೆ ಬಡ್ಡಿಯ ಹೆಸರಿಲ್ಲದಿದ್ದರೂ ಬಡ್ಡಿಗಿಂತ ಭಾರವಾದ ಒಂದು ಕರಾರು ಇರುವುದು: ಸಾಲ ತೀರುವವರೆಗೆ ಹಿಡಿದ ಮೀನನ್ನೆಲ್ಲ ಆ ವ್ಯಾಪಾರಿಗೇ, ಅವನು ಹೇಳಿದ ದರಕ್ಕೇ ಕೊಡಬೇಕು. ಹೆಂಡತಿಯು ಎಲ್ಲವನ್ನೂ ನೋಡಿದಳು, ಗಂಟನ್ನು ಬಿಚ್ಚಲಿಲ್ಲ. ಅವಳ ಮನಸ್ಸಿನಲ್ಲಿ ಬರುವ ಜೂನ್ ಜುಲೈ ತಿಂಗಳುಗಳಿದ್ದುವು, ಮಗಳ ಶಾಲೆಯಿತ್ತು. ಅವಳು ಮಾಡಿದುದು ಸರಿಯೆ?

ತಪ್ಪೆನ್ನುವವರ ವಾದವು ದುರ್ಬಲವಾದುದಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ, ಹಲವರಿಗೆ ಸೇರಿದ ಕುಟುಂಬದ ಸೊತ್ತಿನಿಂದ ಹೆಂಗಸರು ಗುಪ್ತವಾಗಿ ಸಂಚಯ ಮಾಡಕೂಡದೆಂದೂ, ಗಂಡನ ಅಪ್ಪಣೆಯಿಲ್ಲದೆ ತಮ್ಮದಾದುದರಿಂದಲೂ ಮಾಡಕೂಡದೆಂದೂ ಹೇಳಿದೆ. ಶಾಸ್ತ್ರದ ಮಾತನ್ನು ಒಪ್ಪದವರೂ ಯುಕ್ತಿಯ ಮಾತನ್ನು ಒಪ್ಪಬೇಕಾಗುವುದು. ಸಂಸಾರವು ನಂಬಿಕೆಯ ಮೇಲೆ ನಿಂತಿದೆ. ಒಂದು ಮರೆಯು ಇನ್ನೊಂದು ಮರೆಯನ್ನು ಹುಟ್ಟಿಸುವುದು. ಮೇಲಾಗಿ ಈ ಮನೆಗೆ ನಷ್ಟವೂ ಆಯಿತು. ಒಂದು ಕೈಯಲ್ಲಿ 5,000 ರೂಪಾಯಿ ಸುಮ್ಮನೆ ಮಲಗಿರುವಾಗ ಇನ್ನೊಂದು ಕೈಯು ಅಷ್ಟೇ ಹಣಕ್ಕಾಗಿ ತನ್ನ ಮೀನಿನ ಬೆಲೆಯನ್ನು ಹೇಳುವ ಸ್ವಾತಂತ್ರ್ಯವನ್ನು ಮಾರಿಕೊಂಡಿತು. ಇದನ್ನು ವಿವೇಕವೆನ್ನುವುದು ಹೇಗೆ?

ಉತ್ತರವನ್ನು ಹುಡುಕುವ ಮೊದಲು ಹಣವು ಯಾರದೆಂಬುದನ್ನು ನಿರ್ಣಯಿಸಬೇಕಷ್ಟೆ. ಇಲ್ಲಿ ಹಳೆಯ ಶಾಸ್ತ್ರಗಳೇ ಒಂದು ಮಾತಿನಲ್ಲಿ ನಿಂತಿಲ್ಲ. ಹಣವನ್ನು ಕೂಡಿಡುವುದರಲ್ಲಿಯೂ ವೆಚ್ಚಮಾಡುವುದರಲ್ಲಿಯೂ ಹೆಂಡತಿಯನ್ನೇ ನಿಯೋಜಿಸಬೇಕೆಂದು ಮನುವು ಅದೇ ಒಂಬತ್ತನೆಯ ಅಧ್ಯಾಯದಲ್ಲಿ ಹೇಳುವನು. ಆದರೆ ಹೆಂಡತಿಯು ಗಳಿಸಿದುದು ಅವಳು ಯಾರವಳೋ ಅವನದೇ ಎಂದು ಎಂಟನೆಯ ಅಧ್ಯಾಯದಲ್ಲಿ ಹೇಳಿರುವನು. ಬೀಗದ ಕೈಯನ್ನು ಕೊಟ್ಟು ಪೆಟ್ಟಿಗೆಯನ್ನು ಕೊಡದಂತಾಯಿತು. ಸ್ತ್ರೀಯು ಕೈಕೆಲಸದಿಂದ ಗಳಿಸಿದ ಹಣಕ್ಕೆ ಗಂಡನೇ ಒಡೆಯನೆಂದು ಕಾತ್ಯಾಯನನೂ ಹೇಳುವನು. ಬುಟ್ಟಿ ಹೊತ್ತು ಗಳಿಸಿದ ಮೀನುಗಾರಗಿತ್ತಿಯ ಹಣವು ಈ ನಿಯಮದೊಳಗೇ ಬೀಳುವುದು. ಇದಕ್ಕೆ ಎದುರಾಗಿ, ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಸ್ತ್ರೀಧನವೆಂಬ ಪದಕ್ಕೆ ವಿಶಾಲವಾದ ಅರ್ಥವನ್ನು ಕೊಟ್ಟು, ದಾಯದಿಂದಲೋ ಕ್ರಯದಿಂದಲೋ ಬಂದುದನ್ನೂ ಅದರಲ್ಲಿ ಸೇರಿಸಿದನು. ದಕ್ಷಿಣದ ಮೊಗವೀರರಲ್ಲಿ ಅಳಿಯಸಂತಾನದ ಕಟ್ಟಿನಂತೆ ಹಕ್ಕು ತಾಯಿಯ ಕಡೆಯಿಂದಲೇ ಇಳಿಯುತ್ತಿತ್ತು; ಹಾಗಾಗಿ ಆ ಮನೆಗಳಲ್ಲಿ ಹೆಂಗಸಿನ ಮಾತಿಗೆ ತೂಕ ಹೆಚ್ಚಾಗಿದ್ದುದೂ ಸಹಜ. ಕೊನೆಗೆ 1956ರ ಹಿಂದೂ ಉತ್ತರಾಧಿಕಾರದ ಕಾನೂನಿನ 14ನೆಯ ಕಲಮು, ಹಿಂದೂ ಹೆಂಗಸಿನ ವಶದಲ್ಲಿರುವ ಸೊತ್ತಿಗೆ, ಅವಳು ಸ್ವಂತ ಕೌಶಲದಿಂದಲೂ ಶ್ರಮದಿಂದಲೂ ಗಳಿಸಿದುದನ್ನೂ ಸೇರಿಸಿ, ಅವಳೇ ಪೂರ್ಣ ಒಡತಿಯೆಂದು ಸ್ಪಷ್ಟಪಡಿಸಿತು. ಕಾತ್ಯಾಯನನ ಮಾತಿಗೆ ಹೀಗೆ ತೆರೆಬಿತ್ತು. ಬುಟ್ಟಿಯ ಹಣವು ಬುಟ್ಟಿ ಹೊತ್ತವಳದು.

ಆದರೆ ಒಡೆತನದ ನಿರ್ಣಯದಿಂದ ಧರ್ಮದ ನಿರ್ಣಯವಾಗಲಿಲ್ಲ. ತನ್ನದನ್ನು ತಾನು ಬಚ್ಚಿಡುವುದು ಕಳವಲ್ಲವೆಂಬುದಷ್ಟೇ ಅದರಿಂದ ಸಿದ್ಧವಾಯಿತು. ಕಳವಲ್ಲದುದೆಲ್ಲ ಒಳ್ಳೆಯದೆಂದಾಗದು. ದ್ರೌಪದಿಯು ಸತ್ಯಭಾಮೆಗೆ ತನ್ನ ಗೃಹಕೃತ್ಯವನ್ನು ವಿವರಿಸುವಾಗ ಪಾಂಡವರ ಆಯವ್ಯಯವೆಲ್ಲವೂ ತನಗೊಬ್ಬಳಿಗೇ ತಿಳಿದಿತ್ತೆಂದು ಹೇಳಿರುವುದು ವನಪರ್ವದಲ್ಲಿದೆ. ಅಲ್ಲಿಯೂ ಲೆಕ್ಕವು ಗಂಡಂದಿರಿಗೆ ತಿಳಿಯದು. ಆದರೆ ಲೆಕ್ಕವನ್ನು ಅವಳು ನೋಡುತ್ತಿರುವಳೆಂಬುದು ಅವರಿಗೆ ತಿಳಿದಿತ್ತು. ಈ ಎರಡಕ್ಕೂ ಇರುವ ಅಂತರವನ್ನು ನೆನಪಿಡತಕ್ಕದ್ದು.

ಸತ್ಯವನ್ನು ಎಲ್ಲಿಯೂ ಎಂದಿಗೂ ನುಡಿದೇ ತೀರಬೇಕೆಂಬ ಹಟವು ಧರ್ಮವಲ್ಲವೆಂದು ತೋರಿಸಲು ಕರ್ಣಪರ್ವದಲ್ಲಿ ಕೌಶಿಕನ ಕಥೆಯಿದೆ. ದರೋಡೆಗಾರರಿಗೆ ದಾರಿಹೋಕರ ಅಡಗುತಾಣವನ್ನು ನಿಜವಾಗಿ ಹೇಳಿದ ಆ ತಪಸ್ವಿಯು ಸತ್ಯದ ಫಲವನ್ನಲ್ಲ, ನರಕವನ್ನು ಪಡೆದನು. ಆದರೆ ಗಂಡನು ದರೋಡೆಗಾರನಲ್ಲ. ಈ ಕಥೆಯನ್ನು ಸಂಸಾರಕ್ಕೆ ಹಾಗೆಯೇ ಹೊಂದಿಸುವುದು ಅನ್ಯಾಯ. ಮರೆ ಬೇರೆ, ಮೋಸ ಬೇರೆ ಎಂಬಷ್ಟನ್ನು ಮಾತ್ರ ಇದರಿಂದ ತೆಗೆದುಕೊಂಡು, ಅವೆರಡನ್ನೂ ಬೇರ್ಪಡಿಸುವ ಒರೆಗಲ್ಲನ್ನು ಹುಡುಕಬೇಕು.

ಆ ಒರೆಗಲ್ಲಿಗೆ ಮೂರು ಮುಖಗಳುಂಟು. ಮೊದಲನೆಯದು ಉದ್ದೇಶ: ಯಾರಿಂದ ಮರೆಮಾಡಿದೆಯೋ ಅವರ ಹಿತಕ್ಕಾಗಿಯೂ ಅದನ್ನು ಇಟ್ಟಿದೆಯೆ? ಎರಡನೆಯದು ಪ್ರಕಟನೆ: ಆಪತ್ತಿನ ದಿನ ಅದನ್ನು ತಲೆತಗ್ಗಿಸದೆ ಹೊರಗೆ ತೆಗೆದಿಡಬಹುದೆ? ಮೂರನೆಯದು ಪರಿಣಾಮ: ತಿಳಿಯದಿದ್ದವನು, ತಿಳಿಯದ ಕಾರಣದಿಂದಲೇ, ತನಗೂ ಮನೆಗೂ ಕೇಡಾಗುವ ಕೆಲಸವನ್ನು ಮಾಡುವಂತಾಯಿತೆ? ಮೇಲಿನ ಮನೆಯ ಹೆಂಗಸು ಮೊದಲನೆಯ ಪರೀಕ್ಷೆಯಲ್ಲಿ ಶುದ್ಧಳು. ಗಂಟು ಅವನ ಮಳೆಗಾಲದ ಅನ್ನವೂ ಹೌದು. ಎರಡನೆಯದರಲ್ಲಿಯೂ ಶುದ್ಧಳು, ಆಷಾಢದಲ್ಲಿ ಅದನ್ನು ಬಿಚ್ಚಿದಾಗ ಅವಳಿಗೆ ನಾಚಿಕೆಯಾಗದು. ಮೂರನೆಯದರಲ್ಲಿ ಮಾತ್ರ ಅವಳು ಎಡವಿದಳು. ಮುಂಗಡ ತರಲು ಅವನು ಹೊರಟ ಗಳಿಗೆಯಲ್ಲಿ ಅವಳ ಮೌನವು ಮರೆಯ ಗಡಿಯನ್ನು ದಾಟಿತು.

ಹಾಗೆಂದು ಅವಳು ಹಣವನ್ನು ಬಲೆಗೆ ಕೊಟ್ಟೇ ತೀರಬೇಕಾಗಿತ್ತೆಂದು ಅರ್ಥವಲ್ಲ. ಈ ಭೇದವೇ ಮುಖ್ಯವಾದುದು. ಗಂಟು ಇದೆಯೆಂದು ತಿಳಿಸುವುದು ಒಂದು, ಗಂಟನ್ನು ಕೈಗೆ ಕೊಡುವುದು ಇನ್ನೊಂದು. ಬಲೆಯು ಇಂದಿನ ಅಗತ್ಯ, ಮಳೆಗಾಲವು ನಾಳಿನ ಅಗತ್ಯ. ಇಂದಿನ ಅಗತ್ಯಕ್ಕೆ ಬಾಯಿ ದೊಡ್ಡದು, ನಾಳಿನದಕ್ಕೆ ಬಾಯಿಯೇ ಇಲ್ಲ. ಬಾಯಿಲ್ಲದ ನಾಳೆಯ ಪರವಾಗಿ ಮನೆಯಲ್ಲಿ ಒಬ್ಬರು ನಿಲ್ಲಲೇಬೇಕು. ಆ ಒಬ್ಬರು ಹೆಚ್ಚಾಗಿ ಹೆಂಗಸೇ ಆಗಿರುವಳು. ಹಣವಿದೆ, ಅದು ಮಳೆಗಾಲದ್ದು, ಬಲೆಗೆ ಬೇರೆ ದಾರಿಯನ್ನು ಇಬ್ಬರೂ ಯೋಚಿಸೋಣವೆಂದು ಹೇಳುವ ಧೈರ್ಯವು ಅವಳಿಗೂ, ಆ ಮಾತನ್ನು ಕೇಳಿ ಕೈಚಾಚದೆ ನಿಲ್ಲುವ ಸಂಯಮವು ಅವನಿಗೂ ಇದ್ದರೆ ಮರೆಯೇ ಬೇಕಾಗದು. ಪಾಲನ್ನು ಬಲೆಗೆ ಕೊಟ್ಟು, ಪಾಲನ್ನು ಇಟ್ಟುಕೊಂಡು, ವ್ಯಾಪಾರಿಯ ಮುಂಗಡವನ್ನು ಅರ್ಧಕ್ಕೆ ಇಳಿಸಬಹುದಾಗಿತ್ತು. ಇರುವುದು ತಿಳಿದಿರಲಿ, ಸುಲಭವಾಗಿ ಎಟುಕದಿರಲಿ: ಗೃಹಧನದ ಧರ್ಮವನ್ನು ಇಷ್ಟು ಮಾತಿನಲ್ಲಿ ಹೇಳಿಬಿಡಬಹುದು.

ಇಲ್ಲಿ ಒಂದು ಪಕ್ಷಪಾತವನ್ನು ಎತ್ತಿ ತೋರಿಸದಿದ್ದರೆ ವಿಚಾರವು ಅಪೂರ್ಣವಾಗುವುದು. ಮರೆಯ ಧರ್ಮವನ್ನು ಕೇಳುವಾಗಲೆಲ್ಲ ಹೆಂಗಸಿನ ಗಂಟನ್ನೇ ಬಿಚ್ಚಿ ನೋಡುವುದು ವಾಡಿಕೆಯಾಗಿದೆ. ಗಂಡಸಿನ ಮರೆಯನ್ನು ಕೇಳುವವರಿಲ್ಲ. ಪಾಲು ಎಷ್ಟು ಬಂದಿತೆಂದು ಅವನು ಹೇಳದ ದಿನಗಳಿಲ್ಲವೆ? ಹೆಂಡದ ಅಂಗಡಿಯಲ್ಲಿ ಉಳಿದುದೆಷ್ಟು, ವ್ಯಾಪಾರಿಯ ಪುಸ್ತಕದಲ್ಲಿ ಏರಿದುದೆಷ್ಟು ಎಂಬುದು ಮನೆಗೆ ಗೊತ್ತಾಗುವುದು ಸಾಲಿಗನು ಜಗಲಿಗೆ ಬಂದು ಕುಳಿತ ಮೇಲೆಯೇ. ಹೆಂಗಸು ಬಚ್ಚಿಡುವುದು ಉಳಿತಾಯವನ್ನು. ಗಂಡಸು ಬಚ್ಚಿಡುವುದು ಸಾಲವನ್ನು. ಅದೇ ಮೂರು ಪರೀಕ್ಷೆಗಳನ್ನು ಸಾಲಕ್ಕೆ ಇಟ್ಟು ನೋಡಿದರೆ ಮೂರರಲ್ಲಿಯೂ ಅದು ಸೋಲುವುದು. ಬಚ್ಚಿಟ್ಟ ಉಳಿತಾಯವು ಆಪತ್ತಿನ ದಿನ ಕೈ ಹಿಡಿಯುವುದು; ಬಚ್ಚಿಟ್ಟ ಸಾಲವು ಆಪತ್ತಿನ ದಿನವೇ ಕತ್ತು ಹಿಡಿಯುವುದು. ಆದುದರಿಂದ ನಂಬಿಕೆಯ ಮಾತನ್ನು ಎತ್ತುವವರು ಮೊದಲು ಸಾಲದ ಲೆಕ್ಕವನ್ನು ತೆರೆದಿಡತಕ್ಕದ್ದು. ಬಳಿಕ ಸೆರಗಿನ ಗಂಟನ್ನು ಕೇಳಬಹುದು. ಕುಡಿತವೋ ಹೊಡೆತವೋ ಇರುವ ಮನೆಯಲ್ಲಂತೂ ಗಂಟನ್ನು ಬಚ್ಚಿಡುವುದು ಹೆಂಗಸಿನ ಹಕ್ಕಷ್ಟೇ ಅಲ್ಲ, ಮಕ್ಕಳ ಪಾಲಿಗೆ ಅವಳ ಕರ್ತವ್ಯ. ಅಲ್ಲಿ ನಂಬಿಕೆಯನ್ನು ಮುರಿದವಳು ಅವಳಲ್ಲ.

ಈ ಪ್ರಶ್ನೆಯು ಮೀನುಗಾರರ ಮನೆಗಳಿಗೆ ಮಾತ್ರ ಸೇರಿದುದೆಂದು ಓದುಬರಹ ಬಲ್ಲ ಕುಟುಂಬಗಳು ತಿಳಿಯಬೇಕಾಗಿಲ್ಲ. ಸಾಸಿವೆ ಡಬ್ಬಿಯ ಹಣವನ್ನು ಅರಿಯದ ಅಡಿಗೆಮನೆ ಯಾವುದು? 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳ ಚಲಾವಣೆಯನ್ನು ಸರಕಾರವು ನಿಲ್ಲಿಸಿದಾಗ, ಡಿಸೆಂಬರ್ 30ರೊಳಗೆ ಅವನ್ನು ಬ್ಯಾಂಕಿಗೆ ಕಟ್ಟಬೇಕಾಯಿತು. ಆಗ ದೇಶದ ಅಸಂಖ್ಯ ಮನೆಗಳಲ್ಲಿ ಡಬ್ಬಿಗಳೂ ಸೀರೆಯ ಮಡಿಕೆಗಳೂ ತಾವಾಗಿ ಬಾಯಿಬಿಟ್ಟುವು. ಕೆಲವು ಮನೆಗಳಲ್ಲಿ ಅದು ನಗೆಯ ಸಂಗತಿಯಾಯಿತು, ಕೆಲವೆಡೆ ಜಗಳವಾಯಿತು, ಕೆಲವು ಹೆಂಗಸರು ಹತ್ತು ವರ್ಷಗಳ ಬಲವನ್ನು ಒಂದೇ ದಿನದಲ್ಲಿ ಒಪ್ಪಿಸಬೇಕಾಯಿತು. ಗುಪ್ತವಾದ ಗಂಟಿಗೆ ಇರುವ ದೊಡ್ಡ ದೌರ್ಬಲ್ಯವು ಅಂದು ಕಂಡುಬಂದಿತು. ಯಾರಿಗೂ ತಿಳಿಯದ ಹಣಕ್ಕೆ ಯಾರ ರಕ್ಷಣೆಯೂ ಇಲ್ಲ. ಅದಕ್ಕೆ ಬಡ್ಡಿ ಬೆಳೆಯದು. ಕಳೆದರೆ ದೂರು ಕೊಡುವಂತಿಲ್ಲ. ಇಟ್ಟವಳು ಹಟಾತ್ತನೆ ತೀರಿಕೊಂಡರೆ ಅದೂ ಅವಳೊಡನೆ ಹೋದಂತೆಯೇ.

ಆದುದರಿಂದ ತಿಳಿದಿದ್ದೂ ಎಟುಕದ ಗಂಟನ್ನು ಕಟ್ಟಿಕೊಡುವುದು ಒಬ್ಬ ಹೆಂಗಸಿನ ಚಾತುರ್ಯಕ್ಕೆ ಬಿಡತಕ್ಕ ಕೆಲಸವಲ್ಲ, ಸಮಾಜದ ಕೆಲಸ. ಈ ದಿಕ್ಕಿನಲ್ಲಿ ಕೆಲವು ಪ್ರಯತ್ನಗಳು ನಡೆದಿವೆ. ಮೀನುಗಾರರಿಗಾಗಿ ಏರ್ಪಟ್ಟಿರುವ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಸದಸ್ಯನು ಮೀನಿನ ಕಾಲದಲ್ಲಿ ವರ್ಷಕ್ಕೆ 1,500 ರೂಪಾಯಿ ಕಟ್ಟಿದರೆ ಸರಕಾರಗಳು 3,000 ರೂಪಾಯಿ ಸೇರಿಸಿ, ಒಟ್ಟು 4,500 ರೂಪಾಯಿಯನ್ನು ಬಡ ತಿಂಗಳುಗಳಲ್ಲಿ ತಿಂಗಳಿಗೆ 1,500ರಂತೆ ಮೂರು ಕಂತಿನಲ್ಲಿ ಹಿಂದಿರುಗಿಸುವುವು. ಮೊತ್ತವು ಸಣ್ಣದು, ಇಂದಿನ ಬೆಲೆಯಲ್ಲಿ ಒಂದು ಮನೆಯ ಮೂರು ತಿಂಗಳು ಅದರಿಂದ ಸಾಗದು. ಆದರೆ ತತ್ತ್ವವು ಸರಿಯಾದುದು; ಮೀನುಗಾರಗಿತ್ತಿಯು ಯಾವ ಯೋಜನೆಯೂ ಇಲ್ಲದೆ ತಲೆತಲಾಂತರದಿಂದ ಮಾಡುತ್ತ ಬಂದುದೇ ಅದು. 1992ರಲ್ಲಿ ನಬಾರ್ಡು ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯವನ್ನು ಆರಂಭಿಸಿದ ಮೇಲೆ ಹೆಂಗಸರ ಹೆಸರಿನಲ್ಲಿಯೇ ಪಾಸುಪುಸ್ತಕಗಳು ಬಂದುವು. ವಾರದ ಕಂತನ್ನು ಕಟ್ಟಬೇಕೆಂಬುದು ಮನೆಯವರಿಗೆಲ್ಲ ಗೊತ್ತು. ಅದನ್ನು ನಡುವೆ ಕೇಳುವಂತಿಲ್ಲವೆಂಬುದೂ ಗೊತ್ತು. ಇಲ್ಲವೆನ್ನುವ ನಿಷ್ಠುರವು ಹೆಂಡತಿಯಿಂದ ಸಂಘಕ್ಕೆ ವರ್ಗವಾಯಿತು. ಅವಳು ಸುಳ್ಳಾಡದೆಯೇ ನಾಳೆಯನ್ನು ಕಾಯಬಹುದಾಯಿತು. 2018–19ರ ಮುಂಗಡಪತ್ರದಿಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವನ್ನು ಮೀನುಗಾರರಿಗೂ ವಿಸ್ತರಿಸಿರುವುದು ಇನ್ನೊಂದು ಪಕ್ಕದ ಕೆಲಸ. ಬಲೆಗೆ ನ್ಯಾಯವಾದ ಬಡ್ಡಿಯ ಸಾಲ ದೊರೆತರೆ ವ್ಯಾಪಾರಿಯ ಮುಂಗಡವೂ ಬೇಡ, ಹೆಂಡತಿಯ ಗಂಟಿನ ಮೇಲೆ ಕಣ್ಣೂ ಬೇಡ.

ಆದರೂ ಸಂಘದ ಪುಸ್ತಕವೇ ಎಲ್ಲವನ್ನೂ ಸರಿಪಡಿಸುವುದೆಂದು ಭ್ರಮಿಸಲಾಗದು. ಹೆಂಗಸಿನ ಹೆಸರಿನಲ್ಲಿ ಸಾಲ ಸುಲಭವಾಗಿ ಸಿಕ್ಕುವುದೆಂದು ಅವಳ ಹೆಸರಿನಲ್ಲಿ ತೆಗೆಸಿ, ಗಂಡಸಿನ ಕೆಲಸಕ್ಕೆ ಬಳಸಿ, ವಾರವಾರದ ಕಂತನ್ನು ಮಾತ್ರ ಬುಟ್ಟಿಯ ಹಣದಿಂದ ತೆರಿಸುವ ಮನೆಗಳೂ ಉಂಟು. ಮನುವಿನ ಬೀಗದ ಕೈಯ ನ್ಯಾಯವು ಹೊಸ ವೇಷದಲ್ಲಿ ಮರಳಿದಂತಾಯಿತು: ಹೊಣೆ ಅವಳದು, ಹಣ ಅವಳದಲ್ಲ. ಯಾವ ಏರ್ಪಾಡಾದರೂ ಹೊಣೆಯನ್ನೂ ಒಡೆತನವನ್ನೂ ಒಂದೇ ಕೈಯಲ್ಲಿ ಇಡದಿದ್ದರೆ ಅದು ನ್ಯಾಯವೆನಿಸದು.

ಹಾಸಿಗೆಯ ಗಾದೆಗೇ ಹಿಂದಿರುಗಬಹುದು. ಸ್ಥಿರವಾದ ಆದಾಯವುಳ್ಳವರಿಗೆ ಅದು ವಿವೇಕದ ಮಾತೇ ಸರಿ. ಆದರೆ ಅದರ ಬಲದಿಂದ ಅಸ್ಥಿರವಾದ ಆದಾಯದವರನ್ನು ಹೀಯಾಳಿಸುವುದು ವಿವೇಕವಲ್ಲ. ದಿನಕ್ಕೊಂದು ಅಳತೆಯ ಹಾಸಿಗೆಯ ಮೇಲೆ ಮಲಗುವವರಿಗೆ ಕಾಲನ್ನು ಮಡಿಸಿರೆಂದು ಉಪದೇಶಿಸುವುದರಿಂದ ಪ್ರಯೋಜನವಿಲ್ಲ. ಹಾಸಿಗೆಯು ಮೊಟಕಾದ ರಾತ್ರಿಗೆಂದು ಒಂದು ಹೊದಿಕೆಯನ್ನು ಮೊದಲೇ ಎತ್ತಿಟ್ಟಿರಬೇಕು. ಕರಾವಳಿಯ ಮನೆಗಳಲ್ಲಿ ಆ ಹೊದಿಕೆಯನ್ನು ಇದುವರೆಗೆ ಎತ್ತಿಟ್ಟವಳು ಹೆಂಗಸು. ಮನೆಯವರು ಅದನ್ನು ಗೌರವಿಸದಿದ್ದುದರಿಂದಲೂ, ಊರಿನವರು ಅದಕ್ಕೆ ಕಾವಲು ನಿಲ್ಲದಿದ್ದುದರಿಂದಲೂ ಅವಳು ಅದನ್ನು ಬಚ್ಚಿಡಬೇಕಾಯಿತು. ಗಂಟನ್ನು ಜಗಲಿಯ ಮೇಲೆ ಬಿಚ್ಚಿ, ಇದು ಮಳೆಗಾಲದ್ದೆಂದು ಹೇಳಿ, ಮತ್ತೆ ಕಟ್ಟಿಡುವಷ್ಟು ನಿರ್ಭಯವು ಒಂದು ಮನೆಯ ಹೆಂಗಸಿಗೆ ಉಂಟಾದ ದಿನ, ಆ ಮನೆಯಲ್ಲಿ ಮಿತವ್ಯಯವೂ ಸತ್ಯವೂ ಒಂದಕ್ಕೊಂದು ವಿರೋಧವಿಲ್ಲದೆ ನೆಲೆಸುವುವು. ಅಲ್ಲಿಯವರೆಗೆ ಸೆರಗಿನ ಗಂಟನ್ನು ನಿಂದಿಸುವ ಅಧಿಕಾರವು, ಅದನ್ನು ಕಟ್ಟಬೇಕಾಗಿ ಬಂದ ಕಾರಣವನ್ನು ನೀಗಲು ಕೈಯೆತ್ತದವರಿಗೆ ಇಲ್ಲ.